ಖಸಬ್‌ನ ಕಂಚಿನ ಮೇಕೆ

ಆ ಬುಧವಾರವೂ ಒಮಾನಿನ ವಾದಿ ಅದಾಯ್‌ ಬಡಾವಣೆಯ ಶೆಡ್ಡಿನಲ್ಲಿ, ಮೇಡಂ ಅವರ ಸಹಾಯಕಿಯಾಗಿ, ನಾನು ಶಿಲ್ಪದ ಮೇಣ ಕರಗಿಸಿದೆ. ಮಾರ್ಗರೆಟ್ ಮೇಡಂ ಚಹಾ ಆರಿಸಿಕೊಂಡು ಕುಡಿದರು. "ವನಜಾ, ಇದು ಚಹಾವೋ, ಶುಂಠಿ ಕಷಾಯವೋ?" ಎಂದು ನಕ್ಕರು. ಗುರುವಾರ ಅವರು ಏಳಲಿಲ್ಲ.

ಇಂಗ್ಲೆಂಡಿನ ಒಂದು ಬಂದರಿನಲ್ಲಿ ಹಡಗು ಬೆಸೆಯುವವನ ಮಗಳು ಅವರು. ಅಪ್ಪನಿಂದ ವೆಲ್ಡಿಂಗ್ ಕಲಿತು ಶಿಲ್ಪಿಯಾದರು. ಅಲ್ಲಿ ಆಳೆತ್ತರದ ಕಬ್ಬಿಣದ ಆಕೃತಿಗಳನ್ನು ಮಾಡಿದವರು, ರಜೆಗೆಂದು ಒಮಾನಿಗೆ ಬಂದು ಇಲ್ಲೇ ಉಳಿದು, ಮೇಕೆ, ಕತ್ತೆ, ಬಲೆ ಹೆಣೆಯುವ ಮುದುಕರನ್ನು ಮಾಡತೊಡಗಿದರು. ಕೃತಿಯ ಮೇಲೆ ಹೆಸರು ಕೆತ್ತುತ್ತಿರಲಿಲ್ಲ. ಮೇಣದ ಮಾದರಿ ಮುಗಿದಾಗ ಪೀಠದ ಅಂಚಿಗೆ ಹೆಬ್ಬೆರಳು ಒತ್ತುತ್ತಿದ್ದರು. ಎರಕ ಹೊಯ್ದಾಗ ಬೆರಳಿನ ಗೆರೆಗಳೂ ಕಂಚಿನಲ್ಲಿ ಮೂಡುತ್ತಿದ್ದವು.

ಅವರ ಕಂಚಿನ ಕೃತಿಗಳು ಹೆಚ್ಚೂಕಡಿಮೆ ಎಲ್ಲ ಯಾರ್ಯಾರದೋ ಮನೆ ಸೇರಿವೆ. ಯಾರು ಬೇಕಾದರೂ ಮುಟ್ಟುವಂತೆ ಬಯಲಲ್ಲಿರುವುದು ಒಮಾನಿನ ಉತ್ತರ ತುದಿಯ ಬಂದರು ಖಸಬ್‌ಗೆ ಹೋದ ಮೇಕೆಯೊಂದೇ. ಶೆಡ್ಡು ಖಾಲಿಯಾಗಿತ್ತು. ಕಾರ್ಕಳಕ್ಕೆ ಮರಳುವ ಮೊದಲು ಆ ಬೆರಳಿನ ಗುರುತನ್ನು ಒಮ್ಮೆ ಮುಟ್ಟಬೇಕೆಂದು ಹೊರಟೆ.

ಬಸ್ಸು ಬರ್ಕಾ ದಾಟುವ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಶಿನಾಸ್‌ನಲ್ಲಿ ಪರೋಟಾ ತಿಂದು ದೋಣಿ ಹತ್ತಿದೆ. ಬೋಳು ಬೆಟ್ಟಗಳು ನೆಟ್ಟಗೆ ಕಡಲಿಗೆ ಇಳಿದಿದ್ದವು. ಸಂಜೆ ಖಸಬ್ ಬಂದರಿನಲ್ಲಿ ಹಮೀದ್ ಕಾದಿದ್ದರು. ಉಳ್ಳಾಲದವರು, ಮೇಕೆಯನ್ನು ನಿಲ್ಲಿಸಿದ ಮೇಸ್ತ್ರಿ.

ಬಂದರಿನ ಪಕ್ಕದಲ್ಲೇ ಮೇಕೆ ಕಡಲಿಗೆ ಮುಖಮಾಡಿ ನಿಂತಿತ್ತು. ಮಂಡಿಯೂರಿ ಕಾಲ ಬಳಿ ತಡವಿದೆ. ಕೈಗೆ ಸಿಕ್ಕಿದ್ದು ಸಿಮೆಂಟು.

"ಪೀಠ ಎಲ್ಲಿ?"

"ಒಳಗೆ ಉಂಟಲ್ಲ ಅಕ್ಕ. ಇಲ್ಲಿನ ಗಾಳಿ ಅಂದ್ರೆ ಏನು ಮಾರಾಯ್ರೆ! ನಮ್ಮಲ್ಲಿ ಬೇಲಿ ಕಲ್ಲನ್ನೇ ಒಂದು ಗೇಣು ಹೂಳುವುದಿಲ್ವಾ? ನಾನೇ ನಿಂತು ಹಾಕಿಸಿದ್ದು. ಲಾರಿ ಗುದ್ದಿದ್ರೂ ಅಲ್ಲಾಡ್ಲಿಕ್ಕಿಲ್ಲ."

ಬಂದ ಕಾರಣ ಹೇಳಿದೆ. ಅವರ ಮುಖ ಬಾಡಿತು.

"ಯಾ ಅಲ್ಲಾ... ನನಗೆ ಯಾರೂ ಹೇಳ್ಲಿಲ್ಲ ಅಕ್ಕ. ಒಡೆಸುವುದಾ?"

"ಒಡೆದರೆ ಕಾಲು ಉಳಿಯುತ್ತದಾ?"

ಅವರು ಬಾಗಿ ಆ ತೆಳ್ಳಗಿನ ಕಾಲುಗಳನ್ನು ನೋಡಿದರು. "ಕಷ್ಟ."

"ಹಾಗಾದರೆ ಬೇಡ. ಗಟ್ಟಿಯಾಗಿ ನಿಲ್ಲಿಸಿದ್ದೀರಿ. ಮೇಡಂಗೆ ಗಟ್ಟಿ ಕೆಲಸ ಇಷ್ಟವಿತ್ತು."

ಮರುದಿನ ದೋಣಿ ತಿರುಗುವಾಗ ಹಿಂದೆ ನೋಡಿದೆ. ಕಂಚಿನ ಮೇಕೆಯ ನೆರಳಲ್ಲಿ ಊರಿನ ಎರಡು ಮೇಕೆಗಳು ಮಲಗಿದ್ದವು. ಮೇಡಂ ಬೆರಳಿನ ಗುರುತು ನನಗೆ ಸಿಗಲಿಲ್ಲ.