ಎರಡು ಕ್ಯಾನು ಸಿಹಿನೀರು

ಕೊಟ್ರೇಶ, ಅಕ್ಷತಾ, ಮೊನ್ನೆ ಭಾನುವಾರ ನೀವಿಬ್ಬರೂ ಪಡಸಾಲೆಯಲ್ಲಿ ಬೋರಲು ಮಲಗಿ ಹಾಳೆಯ ಮೇಲೆ ಏನೋ ಬರೆಯುತ್ತಿದ್ದಿರಿ. ನಾನು ಅಲ್ಲೇ ಕಂಬಕ್ಕೆ ಒರಗಿ ಶೇಂಗಾ ಬಿಡಿಸುತ್ತ ಕೂತಿದ್ದೆ. ರಜೆಯಲ್ಲಿ ಮನೆಮಂದಿಯೆಲ್ಲ ಹಡಗು ಹತ್ತಿ ದ್ವೀಪ ನೋಡಿ ಬರುವುದು, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೀವು ಲೆಕ್ಕ ಹಾಕಿ ಕೊಟ್ಟರೆ ನಿಮ್ಮಪ್ಪ ಹೂಂ ಅನ್ನುತ್ತಾನೆ, ಇಷ್ಟು ನನಗೆ ಅರ್ಥವಾಯಿತು.

“ಎಷ್ಟ್ ಮಂದಿ ಅಂತ ಬರೀಲಿ? ಅಜ್ಜಿನ್ನ ಹಿಡದು ಐದಾ?” ಎಂದು ಅಕ್ಷತಾ ಕೇಳಿದಳು.

ಕೊಟ್ರೇಶ, ನೀನು ತಲೆ ಎತ್ತಲಿಲ್ಲ. “ನಾಕು ಬರಿ. ಅಜ್ಜಿಗೆ ಹಡಗು ಆಗಂಗಿಲ್ಲ. ಆವಾಗ ಅಜ್ಜನ ಕೂಡನೂ ಹೋಗಲಿಲ್ಲಲ್ಲ, ಆರಾಮಿರಲಿಲ್ಲಂತ” ಅಂದೆ.

ಕೈಯಲ್ಲಿದ್ದ ಶೇಂಗಾಕಾಯಿ ಒಡೆಯದೆ ಹಾಗೇ ಬುಟ್ಟಿಗೆ ಹಾಕಿದೆ. ನೀನು ಕೆಟ್ಟದ್ದಕ್ಕೆ ಅಂದದ್ದಲ್ಲ ಮಗನೇ. ಆ ಮಾತು ನಿನಗೆ ಕಲಿಸಿದವಳೇ ನಾನು. ಪಡಸಾಲೆಯ ಗೋಡೆಯ ಮೇಲಿನ ಫೋಟೋದಲ್ಲಿ ನಿಮ್ಮ ಅಜ್ಜ ಹುಲ್ಲಿನ ಟೋಪಿ ಹಾಕಿಕೊಂಡು ಹಡಗಿನ ಕಂಬಿ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಅವರ ಅಣ್ಣ, ನಿಮ್ಮ ದೊಡ್ಡಜ್ಜ. ಹಿಂದೆ ಬರೀ ನೀಲಿ. ಚಿಕ್ಕವರಿದ್ದಾಗ ನೀವು “ಇದರಾಗ ನೀ ಎಲ್ಲಿದಿ ಅಜ್ಜಿ?” ಎಂದು ಕೇಳಿದಾಗಲೆಲ್ಲ “ನನಗ ಆರಾಮಿರಲಿಲ್ಲ, ಹೋಗಲಿಲ್ಲ” ಅಂದಿದ್ದೇನೆ. ಅದು ಸುಳ್ಳು. ಆ ವರ್ಷ ನನಗೆ ನೆಗಡಿ ಕೂಡ ಆಗಿರಲಿಲ್ಲ.

ಬಾಯಿಂದ ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತವರೂರು ಹಲವಾಗಲು ಶಾಲೆಯಲ್ಲಿ ಏಳನೆಯವರೆಗೆ ಓದಿದ್ದು, ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗ ನಮ್ಮ ತಾಲೂಕು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ಹೊಸತು. ಆಮೇಲೆ ತಿರುಗಿ ಬಳ್ಳಾರಿ, ಈಗ ವಿಜಯನಗರ. ಹರಪನಹಳ್ಳಿಯ ಇದೇ ಒಲೆಯ ಮುಂದಿನಿಂದ ಏಳದೆ ಇಷ್ಟು ಜಿಲ್ಲೆ ತಿರುಗಿದವಳು ನಾನು. ನಾನು ಮಾಡಿದ ದೊಡ್ಡ ಪ್ರವಾಸ ಅಂದರೆ ಅದೇ.

ನಿಮ್ಮಪ್ಪ ಈಗ ನಡೆಸುವ ಬೀಜ ಗೊಬ್ಬರದ ಅಂಗಡಿಯನ್ನು ಆಗ ನಿಮ್ಮ ಅಜ್ಜ ನೋಡಿಕೊಳ್ಳುತ್ತಿದ್ದರು. ಬಿಳಿಜೋಳದ ಹೊಲಗಳೆಲ್ಲ ಒಂದೊಂದಾಗಿ ಮೆಕ್ಕೆಜೋಳಕ್ಕೆ ತಿರುಗುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ಬೀಜದ ಕಂಪನಿಯವರು ಸ್ಕೀಮು ತಂದರು. ಮುಂಗಾರು ಮುಗಿಯುವುದರೊಳಗೆ ಹೇಳಿದಷ್ಟು ಚೀಲ ಮಾರಿದ ಅಂಗಡಿಯವರಿಗೆ, ಗಂಡ ಹೆಂಡತಿ ಇಬ್ಬರಿಗೂ, ದೀಪಾವಳಿಯಾದ ಮೇಲೆ ನಾಲ್ಕು ದಿನ ಹಡಗಿನಲ್ಲಿ ದ್ವೀಪ ಪ್ರವಾಸ. ಹಡಗಿನ ಖರ್ಚು ಅವರದು. ಕೊಚ್ಚಿಯವರೆಗೆ ಹೋಗಿಬರುವುದು, ಮೇಲಿನ ಖರ್ಚು ನಮ್ಮದು. ಅವರು ಕೊಟ್ಟ ಕ್ಯಾಲೆಂಡರಿನಲ್ಲಿ ತೆಂಗಿನ ಮರ, ಬಿಳಿ ಮರಳು, ಬಿಳಿ ಹಡಗು ಇತ್ತು. ನಾನದನ್ನು ಅಡಿಗೆ ಮನೆಯಲ್ಲಿ ತೂಗುಹಾಕಿದೆ.

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಲೆಕ್ಕಕ್ಕೆ ನಲವತ್ತು ಚೀಲ ಕಡಿಮೆ ಬಿದ್ದವು. ನಿಮ್ಮ ಅಜ್ಜ ಊಟಕ್ಕೆ ಕೂತವರು, “ನಲವತ್ತು ಚೀಲದಾಗ ಸಮುದ್ರ ತಪ್ಪತೈತಿ ನೋಡು. ನಿಮ್ಮೂರಾಗ ನೀ ಒಂದು ಮಾತು ಹೇಳಬಾರದಾ?” ಅಂದರು.

ನಾನು ಎಂಥವಳು ಅಂದರೆ, ಬಸ್ಸಿನ ಕಂಡಕ್ಟರು ಚಿಲ್ಲರೆ ಟಿಕೆಟಿನ ಹಿಂದೆ ಬರೆದು ಕೊಟ್ಟರೆ ಇಳಿಯುವಾಗ ಕೇಳಲು ನಾಚಿ ಬಿಟ್ಟು ಬರುವವಳು. ಅಂಥವಳು ಹಲವಾಗಲಿಗೆ ಹೋಗಿ ಎಂಟು ದಿನ ತವರಿನಲ್ಲಿದ್ದು ಮನೆ ಮನೆಯ ಕಟ್ಟೆಯ ಮುಂದೆ ನಿಂತೆ. ನಮ್ಮ ಸೋದರಮಾವ ಎಲ್ಲರೆದುರು, “ಏನಬೇ, ಗಂಡನ ಅಂಗಡಿ ತಲಿಮ್ಯಾಲ ಹೊತ್ಕೊಂಡು ಬಂದಿಯೇನು? ಬೀಜ ಹುಟ್ಟದಿದ್ರ ಮಂದಿ ಕಟ್ಟಿಕೊಂಡು ನಿನ್ನ ಮನೀಗೇ ಬರ್ತೀವಿ” ಅಂದ. “ಬರ್ರಿ ಮಾವ, ರೊಟ್ಟಿ ಮಾಡಿಟ್ಟಿರ್ತೀನಿ” ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನಾನೇ ತಿರುಗಿ ನೋಡುವಂತಾಯಿತು. ನಲವತ್ತಮೂರು ಚೀಲ ಹೋದವು. ಬೀಜವೂ ಹುಟ್ಟಿತು, ನನ್ನ ಪುಣ್ಯ.

ಅಲ್ಲಿಂದ ಶುರುವಾಯಿತು ನನ್ನ ಪಟ್ಟಿ. ನಿಮ್ಮಪ್ಪನ ಹಳೆಯ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆದೆ. ದಾವಣಗೆರೆಗೆ ಬಸ್ಸು, ಅಲ್ಲಿಂದ ರೈಲು, ಬೆಂಗಳೂರಿನಲ್ಲಿ ರೈಲು ಬದಲಿ, ಹಮಾಲಿ. ಒಣಗಿಸಿದ ಕಟಕ ರೊಟ್ಟಿ ಅರವತ್ತು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ವಾಂತಿಗೆ ನಿಂಬೆಹಣ್ಣು. ಅವರಿಗೆ ಬಿಸಿಲಿನ ಟೋಪಿ. ನನಗೆ ಬೆರಳಿಗೆ ಕಚ್ಚದ ಚಪ್ಪಲಿ. ಸಮುದ್ರದ ಗಾಳಿಗೆ ಸೆರಗು ನಿಲ್ಲುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಹನ್ನೆರಡು ಸೇಫ್ಟಿ ಪಿನ್ನು. ಒಂದೊಂದರ ಮುಂದೂ ಬೆಲೆ. ಅಂಗಡಿಯ ಖಾಲಿ ಗೋಣಿಚೀಲ ಮಾರಿದ ದುಡ್ಡು ಆ ಕಾಲದಲ್ಲಿ ನನ್ನದು. ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಕೂಡಿಸಿದೆ. ಬೀಜ ಬರುತ್ತಿದ್ದ ಬಿಳಿ ಬಟ್ಟೆಯ ಚೀಲ ಬಿಚ್ಚಿ, ಒಗೆದು, ಎರಡೆರಡು ಕೂಡಿಸಿ ನೀಲಿ ದಾರದಲ್ಲಿ ಹೆಗಲಚೀಲ ಹೊಲಿದೆ. ದಾವಣಗೆರೆಗೆ ಹೋಗಿ ಬಂದವರನ್ನೂ ಬಿಡದೆ ರೇಟು ಕೇಳುತ್ತಿದ್ದೆ. ಇಪ್ಪತ್ತು ಸಲ ಕೂಡಿದೆ. ಪ್ರತಿ ಸಲ ಕೂಡಿದಾಗಲೂ ಹೋಗಿ ಬಂದಂತೆ ಆಗುತ್ತಿತ್ತು.

ಪಟ್ಟಿಯ ಕೊನೆಗೆ ಬರೆದದ್ದು ಎರಡು ಕ್ಯಾನು ಸಿಹಿನೀರು. ಇದನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವುದಿಲ್ಲ, ನಿಮಗೆ ಗೊತ್ತು. ತವರಿನಲ್ಲಿ ಪೂಜೆಗೆ ಹೊಳೆಯ ನೀರೇ ಆಗಬೇಕು. ನಮ್ಮಜ್ಜಿ ಯಾತ್ರೆಗೆ ಹೊರಟರೆ ಹಿತ್ತಾಳೆ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹೊಳೆಯ ನೀರು ಒಯ್ಯುತ್ತಿದ್ದಳು. ನಾನು ನೀರಿನ ಮೇಲೆ ಹೋದದ್ದು ಹರಿಗೋಲಿನಲ್ಲಿ ಮಾತ್ರ. ಅದರಲ್ಲಿ ಕೈ ಇಳಿಬಿಟ್ಟರೆ ಕುಡಿಯುವ ನೀರು. ಸಮುದ್ರ ಉಪ್ಪು ಎಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ನಾಲ್ಕು ದಿನ ಇಬ್ಬರ ಪೂಜೆಗೆ, ಕುಡಿಯಲು ನೀರು ಬೇಕಲ್ಲ ಎಂದು ಲೆಕ್ಕ ಹಾಕಿದೆ. ಹೊಸ ಕ್ಯಾನು ಕೊಂಡು, ಹಲವಾಗಲಿನ ನೀರು ತುಂಬಿಸಿ ಬಸ್ಸಿನ ಮೇಲೆ ಕಳಿಸಲು ತಮ್ಮನಿಗೆ ಹೇಳಿಯೂ ಇಟ್ಟೆ.

ಕಂಪನಿಯ ಫಾರಮ್ಮಿಗೆ ಫೋಟೋ ಬೇಕೆಂದು ಸ್ಟುಡಿಯೋಕ್ಕೆ ಹೋದೆವು. ಫೋಟೋದವನು “ಸ್ವಲ್ಪ ನಗ್ರಿ ಅಮ್ಮಾರ” ಎಂದ. ನಾನು ನಗುತ್ತಲೇ ಇದ್ದೆ, ಅವನಿಗೆ ಕಾಣಲಿಲ್ಲ.

ಒಂದು ದಿನ ಕಂಪನಿಯವರೊಬ್ಬರು ಮನೆಗೆ ಊಟಕ್ಕೆ ಬಂದರು. ದೊಡ್ಡಜ್ಜನೂ ಇದ್ದರು. ಪಂಕ್ತಿ ಮುಗಿಯುತ್ತ ಬಂದಾಗ ಬಂದವರು, “ಅಮ್ಮಾವರು ಏನೂ ಮಾತಾಡ್ಲೇ ಇಲ್ಲ. ಹಡಗಿನ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ” ಎಂದರು. ನಲವತ್ತಮೂರು ಚೀಲ ಮಾರಿದ ಧೈರ್ಯ ಇನ್ನೂ ಆರಿರಲಿಲ್ಲ. ಬಾಗಿಲ ಮರೆಯಿಂದ ಕೇಳಿದೆ: “ಹಡಗಿನಾಗ ಪೂಜಿಗೆ ಸಿಹಿನೀರು ಸಿಗತಾವೇನ್ರಿ? ಇಲ್ಲಂದ್ರ ಎರಡು ಕ್ಯಾನು ತರಬಹುದಾ?”

ಅವರು ನಕ್ಕರು, ಕೆಟ್ಟದಾಗಲ್ಲ. “ಅಲ್ಲಿ ನಲ್ಲಿ ತಿರುವಿದ್ರೆ ಬಿಸಿನೀರೇ ಬರುತ್ತಮ್ಮ” ಅಂದರು. ದೊಡ್ಡಜ್ಜನಿಗೆ ಮಜ್ಜಿಗೆ ನೆತ್ತಿಗೇರಿತು. “ತಂಗೆಮ್ಮ, ಎರಡ ಕ್ಯಾನ್ಯಾಕಬೇ, ಡ್ಯಾಮಿನ ಗೇಟ ಕಿತ್ಕೊಂಡು ಹೋಗು” ಎಂದು ತೊಡೆ ತಟ್ಟಿ ನಕ್ಕರು. ಸಂಜೆಯೊಳಗೆ ಬಜಾರಿನಲ್ಲಿ ನನ್ನ ಹೆಸರು ಕ್ಯಾನಮ್ಮ ಆಗಿತ್ತು. ನಿಮ್ಮ ಅಜ್ಜ ಮಾತ್ರ ನಗಲಿಲ್ಲ. ತಟ್ಟೆ ನೋಡುತ್ತ ಕೂತಿದ್ದರು. ನನ್ನ ಪರವಾಗಿ ನಗಲಿಲ್ಲ ಎಂದು ತಿಳಿದೆ.

ಅದಾಗಿ ಎಂಟು ದಿನಕ್ಕೆ ನಿಮ್ಮ ಅಜ್ಜನ ಅಂಗಿ ಒಗೆಯಲು ನೆನೆಹಾಕಿದಾಗ ಜೇಬಿನಿಂದ ನನ್ನ ಮೂರು ಫೋಟೋ ತೇಲಿ ಬಂದವು. ಫಾರಮ್ಮಿಗೆ ಅಂಟಿಸಬೇಕಾಗಿದ್ದವು. ಸೆರಗಿನಲ್ಲಿ ಒರೆಸಿ ಅವರ ಮುಂದೆ ಇಟ್ಟೆ.

“ಹೆಂಗಿದ್ರೂ ಗೊತ್ತಾತಲ್ಲ ನಿನಗ. ಅಣ್ಣ ಬರ್ತಾನ ನನ್ನ ಕೂಡ. ಅವಗ ಹಿಂದಿ ಬರ್ತೈತಿ” ಎಂದರು.

“ಗಂಡ ಹೆಂಡತಿ ಅಂದಿದ್ರಲ್ಲ.”

“ಕಂಪನಿಗೆ ಹೇಳೀನಿ. ಒಪ್ಪ್ಯಾರ.”

“ಮತ್ತ ನನ್ನ ನಲವತ್ತಮೂರು ಚೀಲ?”

ಅವರು ಬೇರೆ ಅಂಗಿ ಕೊಡವಿ ಹಾಕಿಕೊಂಡರು. “ಎಂಥೆಂಥಾ ಡೀಲರ್ ಮಂದಿ ಬರ್ತಾರಲ್ಲಿ. ಅವರ ಮುಂದ ನೀ ಹಿಂಗ ಕ್ಯಾನು ಗೀನು ಅಂದ್ರ ನಾ ಎಲ್ಲಿ ಮುಖ ಇಡ್ಲಿ?”

ಜೀವಮಾನದಲ್ಲಿ ಹೊರಗಿನವರ ಮುಂದೆ ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ಹೀಗಾಯಿತು. ಅಲ್ಲಿಂದ ನಾನು ಯಾರನ್ನೂ ಏನೂ ಕೇಳಿಲ್ಲ. ನೀವು ಅಜ್ಜಿಯ ಸ್ವಭಾವವೇ ಹಾಗೆ ಎನ್ನುತ್ತೀರಿ.

ಕಂಪನಿಗೆ ಏನು ಹೇಳಿದ್ದರು ಎಂಬುದು ನನಗೆ ತಿಳಿದದ್ದು ಪಕ್ಕದ ಮನೆಯ ನೀಲಮ್ಮನಿಂದ. ಅವರಿಬ್ಬರೂ ಹೊರಟ ಮರುದಿನ ಅವಳು ಗಂಜಿಯ ಪಾತ್ರೆ ಹಿಡಿದು ಬಂದಳು. “ಗರ್ಭಕೋಶದ ತ್ರಾಸಂತಲ್ಲಬೇ, ಡಾಕ್ಟರು ಏಳಬ್ಯಾಡ ಅಂದಾರಂತ. ನೀ ನೋಡಿದ್ರ ಹಿಟ್ಟು ಬೀಸಾಕತ್ತಿ!” ಎಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಕಂಪನಿಗೂ ಊರಿಗೂ ಹಾಗೇ ಹೇಳಿಹೋಗಿದ್ದರು. ಇಲ್ಲ ಅಂದರೆ ಗಂಡ ಸುಳ್ಳುಗಾರ, ಹೌದು ಅಂದರೆ ನಾನು. ನಾನು ಹೌದು ಅಂದೆ. ಹೋಗಿಬರುವ ದಿನವೂ ಸೇರಿ ಒಂಬತ್ತು ದಿನ, ಗಟ್ಟಿಮುಟ್ಟಾದ ಮೈಯನ್ನು ಕೌದಿಯ ಮೇಲೆ ಚಾಚಿಕೊಂಡು, ಬಂದವರ ಮುಂದೆ ನರಳಿ, ಉಪ್ಪಿಲ್ಲದ ಗಂಜಿ ಕುಡಿದೆ. ನರಳುವುದು ಎಷ್ಟು ಕಷ್ಟ ಎಂದು ಆರೋಗ್ಯವಾಗಿದ್ದವರಿಗೇ ಗೊತ್ತು. ಗೋಡೆಯ ಮೇಲೆ ಕ್ಯಾಲೆಂಡರಿನ ಹಡಗು ನಿಂತಲ್ಲೇ ನಿಂತಿತ್ತು.

ಪಟ್ಟಿಯನ್ನು ಅವರು ಒಯ್ದಿದ್ದರು. ಹಿಟ್ಟಿನ ಡಬ್ಬಿಯ ದುಡ್ಡೂ ಅದರ ಜೊತೆಗೆ ಹೋಯಿತು. ನನ್ನ ಚಪ್ಪಲಿ, ಪಿನ್ನು, ನೀರಿನ ಕ್ಯಾನು, ಈ ಮೂರಕ್ಕೆ ಮಾತ್ರ ಗೀಟು ಎಳೆದಿದ್ದರು. ತಿರುಗಿ ಬಂದು ಬೂಟು ಬಿಚ್ಚುತ್ತ ನಿಮ್ಮ ಅಜ್ಜ ಹೇಳಿದ ಮೊದಲ ಮಾತು, “ನಿನ್ನ ಲಿಸ್ಟು ಭಾಳ ಉಪಯೋಗ ಆತು ನೋಡು. ಒಂದೂ ಕಡಿಮಿ ಬೀಳಲಿಲ್ಲ. ಮಂದಿ ನಮ್ಮ ರೊಟ್ಟಿ ಕಸಗೊಂಡು ತಿಂದ್ರು.” ಹೊಗಳಿದರು. ನಾನು ಕಾಲಿಗೆ ನೀರು ಕೊಟ್ಟೆ.

ಅವರು ಕೆಟ್ಟವರಾಗಿರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಕೆಟ್ಟವರಾಗಿದ್ದರೆ ಯಾರ ಮುಂದಾದರೂ ಹೇಳಿಕೊಳ್ಳಬಹುದಿತ್ತು.

ಅವರು ತೀರಿಹೋದಾಗ ಮಾತನಾಡಿಸಲು ಬಂದ ದೊಡ್ಡಜ್ಜ ಹಳೆಯದೆಲ್ಲ ನೆನೆದು ಅತ್ತರು. ಅಳುತ್ತಳುತ್ತ, “ಆ ಹಡಗಿನ ನಲ್ಲಿ ನೀರು ಏನೋ ವಾಸನಿ ಬರ್ತಿತ್ತು ತಂಗೆಮ್ಮ. ಪೂಜಿಗೆ ಮನಸು ಬರಲಿಲ್ಲ. ದಿನಾ ಬಾಟಲಿ ನೀರು ಕೊಂಡ್ವಿ. ನಿನ್ನ ಕ್ಯಾನು ತಂದಿದ್ರ ಚಲೋ ಇತ್ತು ಅಂತ ತಮ್ಮ ಎರಡು ಮೂರು ಸಲ ಅಂದ” ಅಂದರು.

ಹಡಗಿನಲ್ಲಿ ಎರಡು ಮೂರು ಸಲ ಅಂದ ಮಾತನ್ನು ಮನೆಗೆ ಬಂದು ಒಂದು ಸಲ ನನಗೆ ಹೇಳಲಿಲ್ಲ. ಆಮೇಲೂ ಹದಿನಾಲ್ಕು ವರ್ಷ ನನ್ನ ಜೊತೆ ಬದುಕಿದರು, ದಿನಾ ನಾನು ಕೊಟ್ಟ ನೀರಿನಲ್ಲೇ ಪೂಜೆ ಮಾಡಿದರು. ಹಡಗು ತಪ್ಪಿದ್ದನ್ನು ನಾನು ಎಂದೋ ನುಂಗಿದೆ. ಇದು ಇನ್ನೂ ಗಂಟಲಲ್ಲೇ ಇದೆ.

ಮೊನ್ನೆ ಕೊಟ್ರೇಶ “ನಾಕು ಬರಿ” ಅಂದಾಗ ನನಗೆ ಕೇಳಿಸಿದ್ದು ಅವರದೇ ದನಿ. ಅವರು ಹೇಳಿದ ಸುಳ್ಳನ್ನು ಇಷ್ಟು ವರ್ಷ ಅನ್ನ ಹಾಕಿ ಸಾಕಿದವಳು ನಾನು. ಅದು ಬೆಳೆದು ನನ್ನನ್ನೇ ಎರಡನೆಯ ಸಲ ಹಡಗಿನಿಂದ ಇಳಿಸಲು ಬಂತು.

ಈಗ ನನ್ನ ಮೊಣಕಾಲು ನಿಜವಾಗಿಯೂ ನೋಯುತ್ತವೆ, ಬಿ.ಪಿ. ಮಾತ್ರೆಯೂ ಇದೆ. ನಿಮ್ಮ ಜೊತೆ ಬರುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಆದರೆ ಆ ಹಾಳೆ ಹಿಡಿದು ನನ್ನ ಮುಂದೆ ಕೂತು ಕೇಳಿ. ಬರುವುದಿಲ್ಲ ಅನ್ನುವುದಿದ್ದರೆ ಅದನ್ನು ನಾನು ಅನ್ನಬೇಕು. ನೀವು ನಾಲ್ಕು ಮಂದಿಗೆ ಇಪ್ಪತ್ತು ರೊಟ್ಟಿ ಬರೆದದ್ದನ್ನೂ ನೋಡಿದ್ದೇನೆ. ಸಾಲುವುದಿಲ್ಲ, ಗಾಳಿಗೆ ಹಸಿವು ಹೆಚ್ಚಂತೆ.

ಇನ್ನೊಂದು. ಆ ಫೋಟೋ ಇಳಿಸಿ, ಗಾಜು ಒರೆಸಿ ನೋಡಿ. ದೊಡ್ಡಜ್ಜನ ಹೆಗಲಲ್ಲಿ ಒಂದು ಬಿಳಿ ಚೀಲವಿದೆ, ಅಂಚಿಗೆ ನೀಲಿ ದಾರ. ಇದರಾಗ ನೀ ಎಲ್ಲಿದಿ ಎಂದು ಕೇಳುತ್ತಿದ್ದಿರಲ್ಲ, ಅದೇ ನಾನು. ನೋಡಿಯಾದ ಮೇಲೆ ಹಿಂದಿನ ರಟ್ಟು ಬಿಚ್ಚಿ, ಈ ಹಾಳೆಗಳನ್ನು ಮಡಚದೆ ಫೋಟೋದ ಬೆನ್ನಿಗೆ ಇಟ್ಟು, ಮೊಳೆ ಬಿಗಿಮಾಡಿ ತೂಗುಹಾಕಿ. ಮನೆಗೆ ಸುಣ್ಣ ಬಳಿಯುವಾಗ ಫೋಟೋ ಇಳಿಸಿದರೆ ನೀರು ತಾಗದಂತೆ ನೋಡಿಕೊಳ್ಳಿ.