ಮಸೂರ್ ಬೇಳೆ ಮತ್ತು ನಾನು ಕುಡಿಯದ ಬಿಯರ್

ಹುಣಸೂರಿನ ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಅಡುಗೆಮನೆ ನನ್ನ ಕೈಗೆ ಬರುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾಗಿ, ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಡುವ ಹೊತ್ತಿಗೆ, ಒಂದು ಕೇಜಿ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಒಂದು ತೊಟ್ಟು ಎಣ್ಣೆಯೂ ಇಲ್ಲದೆ ದಪ್ಪ ತಳದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬಾಡಿಸುತ್ತೇನೆ. ನನ್ನ ಹೆಂಡತಿ ಪಾರ್ವತಿ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆಯವಳು. ಅವಳ ಪ್ರಕಾರ ಎಣ್ಣೆಯಿಲ್ಲದೆ ಈರುಳ್ಳಿ ಹುರಿಯುವವನಿಗೂ ನೀರಿಲ್ಲದೆ ಸ್ನಾನ ಮಾಡುವವನಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮೊದಲ ಹತ್ತು ನಿಮಿಷ ಬಾಗಿಲಲ್ಲೇ ನಿಂತು, "ತಳ ಹಿಡೀತದೆ ಕಣ್ರೀ, ಸೀದೋಯ್ತದೆ" ಎನ್ನುತ್ತಾಳೆ. ಆಮೇಲೆ ಕಣ್ಣುರಿ ತಾಳಲಾರದೆ ಹಿತ್ತಿಲಿಗೆ ಹೋಗುತ್ತಾಳೆ.

ಈರುಳ್ಳಿ ಕೆಂಪಗೆ ಕರಗಿದ ಮೇಲೆ ಎಣ್ಣೆ. ಬಳಿಕ ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಏಲಕ್ಕಿ, ಓಮ, ಒಣಶುಂಠಿ ಹುರಿದು ಕುಟ್ಟಿದ ಪುಡಿ. ಬಳಿಕ ತೊಳೆದ ಮಸೂರ್ ಬೇಳೆ, ನೀರು, ತಾಳ್ಮೆ. ಇಥಿಯೋಪಿಯಾದಲ್ಲಿ ಇದಕ್ಕೆ ಮಿಸಿರ್ ವತ್ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಮಿಸಿರ್ ಎಂಬುದು ನನ್ನ ಕಿವಿಗೆ ಮಸೂರ್ ಎಂದೇ ಬಿದ್ದಿತ್ತು. ಅದು ನಿಜವಾದ ನಂಟೋ, ಹಸಿದವನ ಭಾಷಾಶಾಸ್ತ್ರವೋ, ಇವತ್ತಿಗೂ ಗೊತ್ತಿಲ್ಲ.

ನಾನು ಆ ದೇಶಕ್ಕೆ ಹೋದದ್ದು ರಸಾಯನಶಾಸ್ತ್ರದ ಮೇಷ್ಟ್ರಾಗಿ. ನಾಲ್ಕು ವರ್ಷ ಒಬ್ಬನೇ ಇದ್ದೆ. ಪಾರ್ವತಿಗೆ ಇಲ್ಲಿ ಶಾಲೆಯ ಕೆಲಸವಿತ್ತು. ನಮ್ಮದು ಪಿರಿಯಾಪಟ್ಟಣದ ಲಿಂಗಾಯತರ ಮನೆ. ಹೊರಡುವ ದಿನ ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು, "ಸೊಪ್ಪೋ ಸೆದೆಯೋ ಸಿಕ್ಕಿದ್ದು ತಿನ್ಕಂಡಿರು ಕಣಪ್ಪ. ಕುಡಿಯೋದೊಂದು ಬ್ಯಾಡ. ವಾಪಸ್ ಬರೋಗಂಟ ಮುಟ್ಟಾಕಿಲ್ಲ ಅಂತ ಮಾತು ಕೊಡು" ಎಂದಳು. ಕೊಟ್ಟೆ. ಅದುವರೆಗೆ ಬಿಯರ್ ಬಾಟಲಿಯನ್ನು ಅಂಗಡಿಯ ಗಾಜಿನಾಚೆ ಮಾತ್ರ ನೋಡಿದ್ದವನಿಗೆ ಮಾತು ಕೊಡುವುದೇನು ಕಷ್ಟ?

ಅಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟವಳು ತಿರುನೇಶ್ ಎಂಬ ವಿಧವೆ. ಐವತ್ತರ ಆಸುಪಾಸು, ಎತ್ತರದ ಹೆಂಗಸು, ನಕ್ಕರೆ ಅಂಗಳವೆಲ್ಲ ಕೇಳುತ್ತಿತ್ತು. ಮೊದಲ ದಿನ ಪ್ರೀತಿಯಿಂದ ಮಾಂಸದ ಸಾರು ತಂದಿಟ್ಟಳು. ನಾನು ಬೇಡವೆಂದು ತಲೆಯಾಡಿಸಿದೆ. "ತ್ಸೋಮ್?" ಎಂದು ಕೇಳಿದಳು. ಹಾಗೆಂದರೆ ಉಪವಾಸ. ಅವರ ಆರ್ಥೊಡಾಕ್ಸ್ ಕ್ರೈಸ್ತ ಧರ್ಮದಲ್ಲಿ ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ನನ್ನ ಕಿವಿಗೆ ಅದು ಸೋಮ ಎಂದು ಕೇಳಿಸಿತು. ನಮ್ಮವ್ವನ ಸೋಮವಾರದ ಒಪ್ಪೊತ್ತು ನೆನಪಾಗಿ, ಹೌದು ಹೌದು ಎಂದುಬಿಟ್ಟೆ. ಮಾರನೆಯ ದಿನವೂ ಕೇಳಿದಳು, ಹೌದೆಂದೆ. ಅದರ ಮಾರನೆಯ ದಿನವೂ. ವಾರ ಕಳೆಯುವುದರೊಳಗೆ, ಇಂಡಿಯಾದಿಂದ ಬಂದ ಮೇಷ್ಟ್ರು ವರ್ಷವೆಲ್ಲ ಉಪವಾಸ ಮಾಡುತ್ತಾನಂತೆ ಎಂದು ಬೀದಿಗೆಲ್ಲ ಸುದ್ದಿಯಾಯಿತು. ಮುದುಕಿಯರು ನನ್ನನ್ನು ಕಂಡರೆ ತಲೆ ಬಾಗತೊಡಗಿದರು. ದಿನಕ್ಕೆ ಮೂರು ಹೊತ್ತು ಬೇಳೆ ಹೊಡೆಯುತ್ತಿದ್ದ ನಾನು ಆ ಗೌರವವನ್ನು ತಿದ್ದಲು ಹೋಗಲಿಲ್ಲ. ಅನರ್ಹ ಗೌರವವನ್ನು ನಾನು ಯಾವತ್ತೂ ಬೇಗ ಹಿಂದಿರುಗಿಸಿದವನಲ್ಲ. ಈ ದೌರ್ಬಲ್ಯ ಮುಂದೆ ನನ್ನನ್ನು ಎಲ್ಲಿ ಸಿಕ್ಕಿಸಿತೆಂದು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಒಂದು ಬೆಳಿಗ್ಗೆ ತಿರುನೇಶ್ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿ ರಾಗಿ! ನಾನು ಹಿಡಿಯಷ್ಟು ಎತ್ತಿ ಮೂಸಿದೆ. ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಕಾಳು ತುಂಬಿಡುವ ವಾಡೆಯ ವಾಸನೆಯೇ. ಪಕ್ಕದ ಡಬ್ಬಿಯಲ್ಲಿ ಹುಚ್ಚೆಳ್ಳೆಣ್ಣೆ. ಪುಸ್ತಕಗಳಲ್ಲಿ ನೋಡಿದರೆ, ರಾಗಿ, ಹುಚ್ಚೆಳ್ಳು ಎರಡೂ ಬಹಳ ಹಿಂದೆ ಆ ಎತ್ತರದ ನಾಡುಗಳಿಂದಲೇ ನಮ್ಮಲ್ಲಿಗೆ ಬಂದವಂತೆ. ಮನೆ ಬಿಟ್ಟು ಸಾವಿರಾರು ಮೈಲಿ ಬಂದೆನೆಂದು ಕೊರಗುತ್ತಿದ್ದವನು ರಾಗಿಯ ತವರುಮನೆಗೇ ಬಂದು ಕೂತಿದ್ದೆ. ಆದರೆ ಅವಳು ಮುದ್ದೆ ಮಾಡಲಿಲ್ಲ. ಆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಎಂಥದೋ ಕಹಿ ಎಲೆ ಸೇರಿಸಿ, ಹೊಗೆ ಹಾಕಿದ ಮಡಕೆಯಲ್ಲಿ ಹುಳಿಯಿಟ್ಟಳು. ಅದು ತೆಲ್ಲ, ಅಂದರೆ ಅವರ ಮನೆಬಿಯರ್. ಅವಳ ಮನೆಯಲ್ಲಿ ಹೊಸವರ್ಷಕ್ಕೆ ಮಾತ್ರ ಅದು ಆಗುತ್ತಿತ್ತು. ಅಲ್ಲಿ ಹೊಸವರ್ಷ ಸೆಪ್ಟೆಂಬರಿನಲ್ಲಿ, ಮಳೆ ನಿಂತು ಬೆಟ್ಟವೆಲ್ಲ ಹಳದಿ ಹೂ ಹೊದ್ದಾಗ. ಮಡಕೆಯಿಂದ ಏಳುವ ಹೊಗೆ, ಹುಳಿ, ಹುರಿದ ಕಾಳಿನ ವಾಸನೆ ನನ್ನ ಕೋಣೆಯ ಕಿಟಕಿಯಲ್ಲಿ ವಾರಗಟ್ಟಲೆ ನಿಂತಿರುತ್ತಿತ್ತು.

ಅವ್ವನಿಗೆ ಕೊಟ್ಟ ಮಾತನ್ನು ತಿರುನೇಶಳಿಗೆ ಹೇಳಿದ್ದೆ. ಅವಳು ನಗಲಿಲ್ಲ. ಹಬ್ಬದಲ್ಲಿ ಎಲ್ಲರಿಗೂ ತೆಲ್ಲ ಬಗ್ಗಿಸುವಾಗ ನನಗೆ ಅಂಥದೇ ಲೋಟದಲ್ಲಿ ಜೇನುನೀರು ಕೊಡುತ್ತಿದ್ದಳು. ನೆರೆಹೊರೆಯವರ ನಡುವೆ ನಾನೊಬ್ಬನೇ ಬೇರೆಯಾಗಿ ಕಾಣಬಾರದು ಎಂದು. ಮೂರು ವರ್ಷ ಹಾಗೇ ಕಳೆಯಿತು. ನಾಲ್ಕನೆಯ ಹೊಸವರ್ಷಕ್ಕೆ, ಇನ್ನು ಎರಡೇ ವಾರದಲ್ಲಿ ಊರಿಗೆ ಹೊರಡಲಿದ್ದ ನನ್ನ ಮನಸ್ಸು ಸೋತಿತು. ಈ ಅಂಗಳವನ್ನು ಇನ್ನು ನೋಡುವುದು ಯಾವಾಗಲೋ ಎಂಬ ಸಂಕಟದಲ್ಲಿ, ಖಾಲಿ ಲೋಟ ಅವಳ ಮುಂದೆ ಹಿಡಿದು, "ಇವತ್ತು ನನಗೂ ಹಾಕು" ಎಂದೆ.

ತಿರುನೇಶ್ ಲೋಟದ ಬಾಯಿಯ ಮೇಲೆ ಅಂಗೈ ಇಟ್ಟಳು.

"ನಿನ್ನ ತಾಯಿ?"

"ಅವಳು ಇಲ್ಲಿಲ್ಲವಲ್ಲ" ಎಂದೆ.

"ಅವಳಿಲ್ಲ. ನಾನಿದ್ದೀನಿ" ಎಂದಳು.

ಮತ್ತೆ ಜೇನುನೀರೇ ಬಂತು. ಎರಡು ವಾರದ ಮೇಲೆ ಬಸ್ಸು ಹತ್ತಿಸಲು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಬೇಳೆಗೆ ಹಾಕುವ ಕೆಂಪು ಪುಡಿಯ ಪೊಟ್ಟಣ ಕೈಗಿತ್ತಳು. ಕೆಲವು ವರ್ಷ ಫೋನು ಇತ್ತು. ಆಮೇಲೆ ಆ ನಂಬರು ರಿಂಗಾಗುವುದು ನಿಂತಿತು. ಪುಡಿ ಮುಗಿದ ಮೇಲೆ ಬ್ಯಾಡಗಿಯಲ್ಲಿ ನಾನೇ ಮಾಡಿಕೊಳ್ಳತೊಡಗಿದೆ.

ಊರಿಗೆ ಬಂದು ಹದಿನೆಂಟು ವರ್ಷ ಪಾಠ ಹೇಳಿದೆ. ಹೇಳಿದ್ದಕ್ಕಿಂತ ಇಥಿಯೋಪಿಯಾ ಕೊರೆದದ್ದೇ ಹೆಚ್ಚೆಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಹುದುಗುವಿಕೆಯ ಪಾಠ ಬಂದರೆ ತೆಲ್ಲ ಬರಲೇಬೇಕು. ಆ ಪಾಠ ಕೇಳಿದವರಲ್ಲಿ ಒಬ್ಬಳು ಸವಿತಾ, ಕೆ.ಆರ್. ನಗರದ ಚುಂಚನಕಟ್ಟೆಯ ಭತ್ತದ ರೈತರ ಮಗಳು. ಈಗ ಮೈಸೂರಿನಲ್ಲಿ, ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಒಂದು ಹೋಟೆಲಿನಲ್ಲಿ ಬಿಯರ್ ಮಾಡುವ ಕೆಲಸ. ಅಲ್ಲಿ ಮಾವಿನ ಕಾಲಕ್ಕೊಂದು, ಮಳೆಗಾಲಕ್ಕೊಂದು ಬಿಯರ್. ಕಾಲ ಮುಗಿದರೆ ಅದೂ ಮುಗಿಯಿತು. ಹೋದ ವರ್ಷ ಜೂನಿನಲ್ಲಿ ಫೋನ್ ಮಾಡಿದಳು.

"ಸಾರ್, ಮಳೆ ಮುಗಿಯೋ ಟೈಮ್‌ಗೆ ರಾಗಿ ಬಿಯರ್ ಮಾಡ್ತೀನಿ ಅಂತ ಓನರ್ ಹತ್ರ ಒಪ್ಪಿಸ್ಕಂಡಿದೀನಿ. ನಂಗೆ ಅಂತ ಮೊದಲ್ನೇ ಸಲ ಒಂದು ಟ್ಯಾಂಕ್ ಬುಟ್ಟವ್ರೆ. ನೀವು ಕುಡಿದಿದ್ರಲ್ಲ ತೆಲ್ಲ, ಅದು ಹೆಂಗಿತ್ತು?"

ನಾನು ಕುಡಿದಿರಲಿಲ್ಲ. ಅಷ್ಟು ಹೇಳಿ ಫೋನಿಡಬಹುದಿತ್ತು. ಆದರೆ ನಿವೃತ್ತ ಮೇಷ್ಟ್ರಿಗೆ ಹಳೆಯ ಶಿಷ್ಯೆ ಫೋನ್ ಮಾಡಿ ಸಂದೇಹ ಕೇಳುವ ಸುಖ ನಿಮಗೆ ಗೊತ್ತಿಲ್ಲ. ಗಂಟಲು ಸರಿಮಾಡಿಕೊಂಡು, "ಕಹಿ ಮೊದಲು ಬರಬೇಕಮ್ಮ, ಹುಳಿ ಹಿಂದಿನಿಂದ. ಹೊಗೆ ಕೊನೆಗೆ" ಎಂದೆ. ಎಲ್ಲಿಂದ ಬಂತೋ ಆ ವಾಕ್ಯ! ಅವಳು ಬರೆದುಕೊಂಡಳು. ಮತ್ತೆ ಮತ್ತೆ ಫೋನ್ ಬಂತು, ನಾನು ಮತ್ತೆ ಮತ್ತೆ ಕಹಿ ಹೆಚ್ಚಿಸಿದೆ. ಎರಡು ಸಲ ಮಾಡಿ ನೋಡಿದಳು. ಎರಡು ಸಲವೂ ಓನರ್ ಮುಖ ಸಿಂಡರಿಸಿದರಂತೆ. ಮೂರನೆಯದೂ ಹಿಡಿಸದಿದ್ದರೆ ಆ ಟ್ಯಾಂಕು ಬೇರೆಯವರಿಗೆ. "ಓನರ್‌ಗೆ ತೋರ್ಸೋಕೆ ಮುಂಚೆ ನಿಮಗೇ ತಂದ್ಕೊಡ್ತೀನಿ ಸಾರ್. ನೀವು ಸರಿ ಅಂದ್ರೆ ಸಾಕು" ಎಂದಳು.

ಸೆಪ್ಟೆಂಬರಿನ ಆ ಭಾನುವಾರ ನಾನು ಬೇಳೆ ಮಾಡಿದೆ, ಪಾರ್ವತಿ ಹುಳಿ ಬಂದ ರಾಗಿಹಿಟ್ಟಿನ ದೋಸೆ ಹುಯ್ದಳು. ಸವಿತಾ ಎರಡು ಲೀಟರಿನ ಗಾಜಿನ ಬಾಟಲಿ ತಂದು ಊಟದ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಕಂದು ಬಣ್ಣ, ತೆಳುವಾದ ನೊರೆ. ಒಂದು ಲೋಟ ನನ್ನ ಮುಂದಿಟ್ಟು, "ಕುಡಿದು ನೋಡಿ ಸಾರ್. ನೀವು ಅಲ್ಲಿ ಕುಡೀತಿದ್ದಿದ್ದು ಹಿಂಗೇ ಇತ್ತಾ?" ಎಂದಳು.

ಪಾರ್ವತಿಯ ಕೈಯಲ್ಲಿದ್ದ ದೋಸೆ ತಟ್ಟೆಗೆ ಇಳಿಯದೆ ಹಾಗೇ ನಿಂತಿತು. "ಅಲ್ಲಿ ಕುಡೀತಿದ್ರಾ?"

ನಾಲ್ಕು ವರ್ಷ ಪ್ರತಿ ಫೋನಿನಲ್ಲೂ ಅವಳಿಗೆ, ಮುಟ್ಟಿಲ್ಲ ಎಂದು ಹೇಳಿದವನು ನಾನು. ಮೂರು ತಿಂಗಳಿಂದ ಸವಿತಾಳಿಗೆ ಕಹಿ, ಹುಳಿ, ಹೊಗೆ ಎಂದು ಉಪನ್ಯಾಸ ಕೊಟ್ಟವನೂ ನಾನೇ. ಹೂಂ ಎಂದರೆ ಹೆಂಡತಿಗೆ ಸುಳ್ಳನಾಗುತ್ತೇನೆ, ಊಹೂಂ ಎಂದರೆ ಶಿಷ್ಯೆಗೆ. ಸವಿತಾಳ ಮುಖ ನೋಡಿದೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡದ ಮುಖ. ಇಲ್ಲೊಂದು ಸುಳ್ಳು ಹೇಳಿದರೆ ಅವಳು ಅದನ್ನೇ ನಂಬಿಕೊಂಡು ಸೋಮವಾರ ಓನರ್ ಮುಂದೆ ನಿಲ್ಲುತ್ತಾಳೆ.

"ನಾನು ಅದನ್ನ ಕುಡಿದೇ ಇಲ್ಲ ಕಣಮ್ಮ. ವಾಸನೆ ಮಾತ್ರ ಗೊತ್ತು. ಮಿಕ್ಕಿದ್ದೆಲ್ಲ ಬಾಯಿಗೆ ಬಂದ ಹಾಗೆ ಹೇಳಿದ್ದು" ಎಂದೆ.

ಸವಿತಾಳ ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೋ ಸುಸ್ತಿಗೋ ತಿಳಿಯಲಿಲ್ಲ. "ಮೂರ್ ತಿಂಗ್ಳು ಸಾರ್" ಎಂದಳು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ನಾನು ತಲೆ ತಗ್ಗಿಸಿ ತಿರುನೇಶಳ ಕಥೆ ಹೇಳಿದೆ. ಲೋಟದ ಮೇಲೆ ಅವಳು ಇಟ್ಟ ಅಂಗೈಯ ಬಗ್ಗೆ ಪಾರ್ವತಿಗೂ ಹೇಳಿರಲಿಲ್ಲ, ಏಕೆಂದರೆ ಅದನ್ನು ಹೇಳಿದರೆ ನಾನು ಲೋಟ ಒಡ್ಡಿದ್ದನ್ನೂ ಹೇಳಬೇಕಾಗುತ್ತಿತ್ತು. ಪಾರ್ವತಿ ಕೇಳಿಸಿಕೊಂಡು, ಕೈಯಲ್ಲಿದ್ದ ದೋಸೆಯನ್ನು ಕೊನೆಗೂ ನನ್ನ ತಟ್ಟೆಗೆ ಇಳಿಸಿದಳು. ಆಮೇಲೆ ಲೋಟವನ್ನು ನನ್ನ ಕಡೆಗೆ ತಳ್ಳಿದಳು.

"ಅತ್ತೆ ಹೇಳಿದ್ದು ವಾಪಸ್ ಬರೋಗಂಟ ಅಂತ ಅಲ್ವಾ? ಬಂದಾಯ್ತಲ್ಲ. ಈ ಹುಡ್ಗಿಗೋಸ್ಕರ ಆದ್ರೂ ನಾಲ್ಗೆಗೆ ಹಾಕಿ, ಹಾಕಿ ನಿಜ ಹೇಳಿ."

ಅರವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಗುಟುಕು ಬಿಯರ್ ಕುಡಿದೆ. ಕಹಿ. ಬೇವಿನ ಕಷಾಯಕ್ಕೆ ನಾಚಿಕೆಯಾಗಬೇಕು, ಅಂಥ ಕಹಿ. ಮತ್ತು ಆ ಕಹಿಯೆಲ್ಲ ನಾನೇ ಫೋನಿನಲ್ಲಿ ಸುರಿದದ್ದು. "ಕುಡಿಯೋಕಾಗಲ್ಲ" ಎಂದೆ. ಬಾಯಿಯ ಕಹಿ ಕಳೆಯಲೆಂದು ದೋಸೆಯನ್ನು ಬೇಳೆಯಲ್ಲಿ ಅದ್ದಿ ತಿಂದು ಇನ್ನೊಂದು ಗುಟುಕು ಕುಡಿದೆ. ಬೇಳೆಯ ಖಾರದ ಮೇಲೆ ಕಹಿ ಸ್ವಲ್ಪ ಸರಿದು ನಿಂತಿತು. ಅದರ ಹಿಂದೆ ಹುರಿದ ರಾಗಿಯ ರುಚಿ ಸಿಕ್ಕಿತು. ಸವಿತಾಳೂ ಬೇಳೆ ತಿಂದು ಕುಡಿದಳು, ಕಣ್ಣು ಮುಚ್ಚಿ ನಾಲಿಗೆ ಆಡಿಸಿದಳು. ಪಾರ್ವತಿ ಕುಡಿಯಲಿಲ್ಲ, ಬಾಟಲಿಯ ಬಾಯಿಗೆ ಮೂಗು ತಂದು, "ನಮ್ಮಜ್ಜಿ ಹುಳಿಯಂಬಲಿ ಇಂಗೇ ಗಮ್ ಅಂತಿತ್ತು. ಆದ್ರೆ ಅಜ್ಜಿ ರಾಗಿನ ಇಷ್ಟು ಕಪ್ಪಗೆ ಹುರೀತಿರ್ಲಿಲ್ಲ, ಕೆಂಪಾದ್ರೆ ಸಾಕು ಅನ್ನೋಳು" ಎಂದಳು.

ಸವಿತಾ ಫೋನ್ ತೆಗೆದು ಬರೆದುಕೊಂಡಳು. ಅಂದು ನಮ್ಮ ಮನೆಯಲ್ಲಿ ಅವಳಿಗೆ ಸಿಕ್ಕಿದ ಉಪಯುಕ್ತ ಮಾಹಿತಿ ಅದೊಂದೇ. ಓನರ್ ಹತ್ತಿರ ಎರಡು ವಾರ ಹೆಚ್ಚಿಗೆ ಕೇಳಿ, ರಾಗಿಯನ್ನು ಕೆಂಪಗಷ್ಟೇ ಹುರಿದು, ಕಹಿ ಅರ್ಧ ಇಳಿಸಿ ಮತ್ತೆ ಮಾಡಿದಳು. ಅಕ್ಟೋಬರಿನಲ್ಲಿ ಅದು ಹೋಟೆಲಿನ ಬೋರ್ಡಿಗೆ ಬಂತು. ಜೊತೆಗೆ ತಿನ್ನಲು ಖಾರದ ಬೇಳೆ ಇಡಿಸಿದ್ದೂ ಅವಳೇ.

ದಸರಾ ಮುಗಿದ ಮೇಲೆ ನಾನು ಪಾರ್ವತಿ ಮೈಸೂರಿಗೆ ಹೋಗಿ, ಮಕ್ಕಳ ವಯಸ್ಸಿನವರ ನಡುವೆ ಮುದುರಿಕೊಂಡು ಕೂತೆವು. ನನಗೊಂದು ಲೋಟ ರಾಗಿ ಬಿಯರ್, ಅವಳಿಗೆ ನಿಂಬೆಹಣ್ಣಿನ ಶರಬತ್ತು. ಈ ಸಲದ್ದು ನಿಜಕ್ಕೂ ಚೆನ್ನಾಗಿತ್ತು. ಹೊಗೆ ಮಾತ್ರ ಸಾಲದು ಎನ್ನಿಸಿತು, ಆ ವಿಷಯದಲ್ಲಿ ನನ್ನ ಮೂಗಿಗೆ ಅಧಿಕಾರವಿದೆ. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗಿಯರು ಅದನ್ನೇ ಕುಡಿಯುತ್ತಿದ್ದರು. "ಎಲ್ಲಿದಂತೆ ಇದು? ನಮ್ಮ್ ರಾಗಿಲಿ ಯಾರು ಬಿಯರ್ ಮಾಡ್ತಾರೆ?" ಎಂದಳು ಒಬ್ಬಳು.

ನಾನು ಕುರ್ಚಿಯನ್ನು ಅವರ ಕಡೆ ಸ್ವಲ್ಪ ತಿರುಗಿಸಿದೆ. ಪಾರ್ವತಿ ಕಿರುನಗುತ್ತ, ಇನ್ನು ಹೊತ್ತಾಗುತ್ತದೆಂದು ತಿಳಿದು, ಇನ್ನೊಂದು ಪ್ಲೇಟ್ ಬೇಳೆ ಹೇಳಿದಳು.

"ನಾನು ಅದನ್ನ ಅಲ್ಲಿ ಕುಡಿಯಲಿಲ್ಲಮ್ಮ" ಎಂದು ಶುರುಮಾಡಿದೆ.