ನೀರಿನಂತೆ ಕಾಣುವ ಹುಳಿ

ಕಝಾಕರ ನಾಡಿನ ಉಷ್ತೋಬೆ ಊರಿನ ಸಂತೆಗೆ ಇನ್ನೂ ಬೆಳಕು ಹರಿದಿಲ್ಲ. ರೋಜಾ ಖೆಗಾಯ್ ಅಂಗಡಿಯ ಹಿಂಬಾಗಿಲು ತೆರೆದಿಟ್ಟು, ಮೊಣಕೈವರೆಗೆ ರಬ್ಬರ್ ಗವಸು ಏರಿಸಿ, ನೀರಿಗೆ ಅಸಿಟಿಕ್ ಆಮ್ಲ ಸುರಿಯುತ್ತಿದ್ದಾರೆ. ಮೊದಲು ನೀರು, ಆಮೇಲೆ ಆಮ್ಲ. ವಾಸನೆ ಮೂಗಿಗೆ ರಾಚುತ್ತದೆ, ಬಣ್ಣ ಮಾತ್ರ ಥೇಟ್ ನೀರಿನದೇ.

"ಒಂದು ಪಾಲಿಗೆ ಏಳು ಪಾಲು ನೀರು. ಆಗ ಅದು ಅಡುಗೆ ವಿನೆಗರ್. ಹಾಗೇ ಬಿಟ್ರೆ ಚರ್ಮ ಸುಡುತ್ತೆ" ಎನ್ನುತ್ತಾರೆ.

ಅರವತ್ತು ದಾಟಿದ ರೋಜಾ ಕೊರಿಯನ್ನರ ಮನೆಯವರು. ಆಗಿನ ಸರ್ಕಾರ ಹಿರಿಯರನ್ನು ಊರು ಬಿಡಿಸಿ, ರೈಲಿನಲ್ಲಿ ತುಂಬಿ ತಂದು ಇಲ್ಲಿ ಇಳಿಸಿದಾಗ ಅವರು ಉಪ್ಪಿನಕಾಯಿ ಹಾಕುತ್ತಿದ್ದ ಎಲೆಕೋಸು ಸಿಗಲಿಲ್ಲ, ಕ್ಯಾರೆಟ್ ಸಿಕ್ಕಿತು. ಅದನ್ನೇ ಎಳೆಎಳೆಯಾಗಿ ತುರಿದು, ಬೆಳ್ಳುಳ್ಳಿ, ಮೆಣಸಿನಪುಡಿ, ಹುಳಿ ಬೆರೆಸಿದರು. ಇವತ್ತಿಗೂ ರೋಜಾ ದಿನಕ್ಕೆ ನಲವತ್ತು ಕಿಲೋ ಕಲಸುತ್ತಾರೆ. ಬೆನ್ನು ಹಿಡಿದುಕೊಂಡರೂ ರಜೆಯ ಮಾತಿಲ್ಲ.

ಕ್ಯಾರೆಟ್ ಮೂಟೆ ಹೊತ್ತು ಬರುವವನು ಕಝಾಕ್ ಹಮಾಲಿ ಬೆಕ್ಬೊಲಾತ್. ಕಳೆದ ಬೇಸಿಗೆಯಲ್ಲಿ ಟೀ ಅಂಗಡಿಯ ಶಾರಿಪಾ ಇದೇ ಆಮ್ಲವನ್ನು ನೀರು ಬೆರೆಸದೆ ಕುಡಿಯುವ ನೀರಿನ ಬಾಟಲಿಗೆ ತುಂಬಿಟ್ಟಿದ್ದರು. ದಣಿದು ಬಂದ ಬೆಕ್ಬೊಲಾತ್ ನೀರೆಂದು ಒಂದು ಗುಟುಕು ಎಳೆದೇಬಿಟ್ಟ. ಹುಳಿಗೆ ಮದ್ದೆಂದು ಶಾರಿಪಾ ಅಡುಗೆ ಸೋಡಾ ಕಲಸಿ ತಂದರೆ, ರೋಜಾ ಲೋಟವನ್ನೇ ತಳ್ಳಿಬಿಟ್ಟರು.

"ಸೋಡಾ ಕೊಟ್ರೆ ಒಳಗೆ ಗಾಳಿ ಉಬ್ಬಿ, ಸುಟ್ಟ ಜಾಗ ಹರಿದುಹೋಗುತ್ತೆ. ವಾಂತಿ ಮಾಡಿಸಿದ್ರೆ ಬಂದ ದಾರೀಲೇ ಇನ್ನೊಂದ್ಸಲ ಸುಡುತ್ತೆ. ಬಾಯಿ ತೊಳೆಸಿ ಆಸ್ಪತ್ರೆಗೆ ಓಡಬೇಕು, ಅಷ್ಟೇ."

ತರಕಾರಿ ವ್ಯಾನಿನಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಹೋದವರೂ ಅವರೇ. ಜೀವ ಉಳಿಯಿತು. ಆದರೆ ತಿಂಗಳುಗಟ್ಟಲೆ ಅನ್ನನಾಳದಲ್ಲಿ ಗಂಜಿ ಬಿಟ್ಟರೆ ಏನೂ ಇಳಿಯಲಿಲ್ಲ. ಈಗ ಸಂತೆಯವರೆಲ್ಲ ಆಮ್ಲವನ್ನು ರೋಜಾ ಕೈಯಲ್ಲೇ ತೆಳು ಮಾಡಿಸಿಕೊಳ್ಳುತ್ತಾರೆ. ಗಟ್ಟಿ ಆಮ್ಲದ ಬಾಟಲಿಗೆ ಕೆಂಪು ಬಟ್ಟೆ ಕಟ್ಟಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

ಬೆಕ್ಬೊಲಾತ್ ಇನ್ನು ಮೆತ್ತಗಿನ ಊಟ ಮಾಡಬಹುದೆಂದು ವೈದ್ಯರು ನಿನ್ನೆಯಷ್ಟೇ ಹೇಳಿದ್ದಾರೆ. ರೋಜಾ ಕ್ಯಾರೆಟ್ಟನ್ನು ಬೆಣ್ಣೆಯಂತೆ ಬೇಯಿಸಿ ತಂದಿದ್ದಾರೆ.

"ಅಕ್ಕಾ, ಒಂದು ಹನಿ ಹುಳಿ ಹಾಕು" ಎನ್ನುತ್ತಾನೆ ಬೆಕ್ಬೊಲಾತ್, ಒಡೆದ ದನಿಯಲ್ಲಿ.

"ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ? ಸುಮ್ನೆ ತಿನ್ನು."

ಅವನು ಬಾಯಿಗಿಡುತ್ತಾನೆ. ಶಾರಿಪಾ ಟೀ ಸೋಸುವುದನ್ನು ನಿಲ್ಲಿಸಿ ನೋಡುತ್ತಾರೆ.

"ಇಳೀತಾ?" ರೋಜಾ ಬಗ್ಗಿ ಕೇಳುತ್ತಾರೆ.

"ಇಳೀತಕ್ಕಾ. ನಿನ್ನ ಋಣ ಹೇಗೆ ತೀರಿಸ್ಲಿ?"

ರೋಜಾ ಗವಸಿನ ಕೈಯಲ್ಲಿ ಕಣ್ಣು ಮುಟ್ಟದೆ, ಭುಜಕ್ಕೆ ಮುಖ ಒರೆಸಿಕೊಳ್ಳುತ್ತಾರೆ.

"ಋಣ ಗಿಣ ಬೇಡ. ಬರೋ ವರ್ಷ ನಾಲ್ಕು ಜನರ ಎದುರು, 'ನಿನ್ನ ಕ್ಯಾರೆಟ್ಟಿಗೆ ಹುಳಿ ಸಾಲದು' ಅಂತ ನನ್ ಜೊತೆ ಜಗಳಕ್ಕೆ ಬಾ. ನಂಗೆ ಅಷ್ಟು ಸಾಕು."